ಹನಿಯಾಗಲು ಒಪ್ಪದ ಕೋಶ

ಮೊದಲೇ ಹೇಳಿಬಿಡುತ್ತೇನೆ. ನೀವು ಇದುವರೆಗೆ ಓದಿದ ಪ್ರೇಮ ಕಥೆಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆದು ಬನ್ನಿ. ಮರದ ಮೇಲೆ ಚಾಕುವಿನಿಂದ ಹೆಸರು ಕೊರೆದ ಹೀರೋಗಳನ್ನು ನೋಡಿದ್ದೀರಿ. ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡು, ಆಮೇಲೆ ಅಳಿಸಲು ಒದ್ದಾಡಿದವರನ್ನೂ ನೋಡಿದ್ದೀರಿ. ಆದರೆ ಬದುಕಿರುವ ಜೀವಕೋಶಗಳ ಮೇಲೆ ನೀಲಿ ಬೆಳಕಿನಲ್ಲಿ ಹೃದಯ ಬರೆದು ಹುಡುಗಿಗೆ ಮನಸ್ಸು ಬಿಚ್ಚಿದವನನ್ನು ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಅಂಥವನು ಭೂಮಿಯ ಮೇಲೆ ಒಬ್ಬನೇ. ಅವನ ಕಥೆ ನನ್ನ ಹತ್ತಿರ ಇದೆ.

ಹೀರೋ ಅಂದಕೂಡಲೇ ಸ್ಲೋ ಮೋಷನ್ನಿನಲ್ಲಿ ನಡೆದುಬರುವ ಆರಡಿ ಆಳನ್ನು ಊಹಿಸಿಕೊಳ್ಳಬೇಡಿ. ನಮ್ಮವನು ಗಣಿತದವನು. ಲ್ಯಾಬ್‌ನಲ್ಲಿ ಎಲ್ಲರೂ ಅವನನ್ನು ಲೆಕ್ಕಪ್ಪ ಎನ್ನುತ್ತಾರೆ. ಅವನು ನಡೆದು ಬಂದರೆ ಗಾಳಿ ಬೀಸುವುದಿಲ್ಲ, ಚಪ್ಪಲಿ ಪಟಪಟ ಎನ್ನುತ್ತದೆ. ಬಾಯಿ ಮಾತ್ರ ಭಾರಿ. ಕಾಫಿ ಮೆಷಿನ್ ಕೆಟ್ಟು ನಿಂತರೂ "ಈ ಮೆಷಿನ್‌ಗೂ ನನಗೂ ಹಳೇ ದ್ವೇಷ ಇದೆ, ಯಾರೂ ಅಡ್ಡ ಬರಬೇಡಿ" ಎಂದು ಡೈಲಾಗ್ ಹೊಡೆದೇ ಅದಕ್ಕೊಂದು ಗುದ್ದು ಕೊಡುತ್ತಾನೆ.

ನಾಯಕಿ ಇರುವುದು ಮೇಲಿನ ಮಹಡಿಯಲ್ಲಿ, ಮೈಕ್ರೋಸ್ಕೋಪ್ ಇಟ್ಟ ಕತ್ತಲೆ ಕೋಣೆಯಲ್ಲಿ. ಕಣ್ಣಿಗೆ ಕಾಣದ ಜೀವಕೋಶಗಳನ್ನು ಗಾಜಿನ ತಟ್ಟೆಗಳಲ್ಲಿ ಸಾಕುವುದು ಅವಳ ಕೆಲಸ. ಬೆಳಿಗ್ಗೆ ಬಂದವಳೇ ತಟ್ಟೆಗಳ ಮೇಲೆ ಬಾಗಿ, "ಎದ್ರಾ ಬಂಗಾರಗಳಾ, ಹಸಿವಾಯ್ತಾ" ಎಂದು ಮಾತಾಡಿಸುತ್ತಾಳೆ. ಅದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡ ದಿನವೇ ಲೆಕ್ಕಪ್ಪ ಅವಳಿಗೆ ಕೋಶಮ್ಮ ಎಂದು ಹೆಸರಿಟ್ಟ. ಒಂದು ಜೀವಕೋಶದ ಮೇಲೆ ಹೊಟ್ಟೆಕಿಚ್ಚು ಪಟ್ಟ ಮೊದಲ ಗಂಡಸು ಎಂಬ ಬಿರುದೂ ಅವತ್ತೇ ಅವನಿಗೆ ಸಂದಿತು.

ಈ ಕಥೆ ಶುರುವಾಗುವ ಹೊತ್ತಿಗೆ ಇಬ್ಬರಿಗೂ ತಲೆ ಕೆಟ್ಟು ಮೊಸರಾಗಿತ್ತು.

"ನಿನ್ನ ಲೆಕ್ಕ ತಪ್ಪು."

"ನಿನ್ನ ಕೋಶ ಪೆದ್ದು."

"ಪೆದ್ದು ಅನ್ಬೇಡ ಅದನ್ನ."

"ನನ್ನ ಲೆಕ್ಕ ತಪ್ಪು ಅಂದ್ರೆ ನಡೆಯುತ್ತೆ, ಅದನ್ನ ಪೆದ್ದು ಅಂದ್ರೆ ನೋವಾಗುತ್ತಾ?"

"ಅದಕ್ಕೆ ತಿರುಗಿ ಮಾತಾಡೋಕೆ ಬಾಯಿಲ್ಲ. ನಿನಗೆ ಅದೊಂದೇ ಇರೋದು."

ವಿಷಯ ಇಷ್ಟೇ. ಅವಳ ಕೋಶಗಳು ನೀಲಿ ಬೆಳಕಿನ ಮಾತು ಕೇಳುತ್ತವೆ. ಮೈಮೇಲೆ ಎಲ್ಲಿ ಬೆಳಕು ಬೀಳುತ್ತದೋ ಆ ಕಡೆ ಚಾಚಿಕೊಳ್ಳುತ್ತವೆ. ಬೆಳಕು ಹೆಚ್ಚಾದರೆ ಸುಟ್ಟು ಸಾಯುತ್ತವೆ, ಕಡಿಮೆಯಾದರೆ ಹಿಟ್ಟಿನ ಉಂಡೆಯ ಹಾಗೆ ಬಿದ್ದಿರುತ್ತವೆ. ಎಲ್ಲಿ, ಯಾವಾಗ, ಎಷ್ಟು ಬೆಳಕು ಬಿಟ್ಟರೆ ಉಂಡೆಯಂತಿರುವ ಕೋಶ ನಾವು ಹೇಳಿದ ಆಕಾರಕ್ಕೆ ಬರುತ್ತದೆ, ಅದೂ ಆದಷ್ಟು ಕಡಿಮೆ ಬೆಳಕಿನಲ್ಲಿ, ಎಂದು ಲೆಕ್ಕ ಕಟ್ಟುವುದು ಲೆಕ್ಕಪ್ಪನ ವಿದ್ಯೆ. ಕ್ಯಾಮೆರಾ ಕೋಶದ ಫೋಟೋ ತೆಗೆಯುತ್ತದೆ. ಅವನ ಪ್ರೋಗ್ರಾಂ ಆ ಫೋಟೋವನ್ನು ಬೇಕಾದ ಆಕಾರದ ಜೊತೆ ಹೋಲಿಸುತ್ತದೆ. ಎಲ್ಲಿ ಕಡಿಮೆ ಬಿತ್ತೋ ಅಲ್ಲಿಗೆ ಬೆಳಕು ಬಿಡುತ್ತದೆ. ಮತ್ತೆ ಫೋಟೋ, ಮತ್ತೆ ಬೆಳಕು.

ಚೌಕಾಕಾರ ಬಂತು. ಉದ್ದನೆಯ ಕಡ್ಡಿಯಾಕಾರವೂ ಬಂತು. ಬೇಕಾಗಿದ್ದು ನೀರಹನಿಯ ಆಕಾರ: ಕೆಳಗೆ ದುಂಡಗೆ, ಮೇಲೆ ಚೂಪು. ಎಲ್ಲಿಗಾದರೂ ಹೊರಡುವ ಮುಂಚೆ ಕೋಶ ಹೀಗೆ ಒಂದು ಕಡೆ ಕಿರಿದಾಗಬೇಕು, ಅದನ್ನು ನಾವೇ ಮಾಡಿ ತೋರಿಸಿದರೆ ದೊಡ್ಡ ಸಂಗತಿ. ಅದೊಂದು ಮಾತ್ರ ಆಗಲೊಲ್ಲದು. ಪ್ರೋಗ್ರಾಂ ತಿದ್ದಿದಷ್ಟೂ ಕೋಶ ಕೆಡುತ್ತಿತ್ತು. ಸೊಟ್ಟಗಾಗಿ, ಅಡ್ಡಡ್ಡ ಎಳೆದುಕೊಂಡು, ಕೊನೆಗೆ ಹರಿದು ಮುದುಡಿ ಹೋಗುತ್ತಿತ್ತು. ಇವನು ಸಮೀಕರಣಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಸರಿ ಇತ್ತು. ಅವಳು ಕೋಶಕ್ಕೆ ಹಾಕುವ ಆಹಾರ, ಶಾಖ, ಗಾಜು ಎಲ್ಲ ಬದಲಿಸಿ ನೋಡಿದಳು. ಸರಿ ಇತ್ತು. ಇಬ್ಬರೂ ಸರಿ ಇದ್ದರು, ಕೆಲಸ ಮಾತ್ರ ಹಾಳಾಗಿತ್ತು. ಯಾರನ್ನು ಬೈಯಬೇಕು ಎಂದು ಗೊತ್ತಾಗದೆ ಒಬ್ಬರನ್ನೊಬ್ಬರು ಬೈದುಕೊಂಡರು.

ಸಿಟ್ಟು ನೆತ್ತಿಗೇರಿದಾಗ ಅವಳು 'ನೀವು' ಎನ್ನಲು ಶುರುಮಾಡುತ್ತಿದ್ದಳು. "ನಿಮ್ಮ ಪ್ರೋಗ್ರಾಂ ನಿಮಗೇ ಅರ್ಥ ಆಗಿದ್ಯಾ ಅಂತ ಒಂದ್ಸಲ ಕೇಳ್ಕೊಳ್ಳಿ." ಅಷ್ಟು ಮರ್ಯಾದೆ ಸಿಕ್ಕ ದಿನ ಲೆಕ್ಕಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಆದರೂ ನೋಡುವುದನ್ನು ಬಿಟ್ಟನಾ? ಅದೂ ಇಲ್ಲ. ಕತ್ತಲೆ ಕೋಣೆಯಲ್ಲಿ ಸ್ಕ್ರೀನಿನ ಬೆಳಕು ಅವಳ ಮುಖದ ಅರ್ಧಕ್ಕೆ ಮಾತ್ರ ಬೀಳುತ್ತಿತ್ತು. ಕೂದಲನ್ನು ಮೇಲಕ್ಕೆ ಸುತ್ತಿ ಪೆನ್ನೊಂದನ್ನು ಸಿಕ್ಕಿಸಿಕೊಂಡು, ಆಮೇಲೆ ಅದೇ ಪೆನ್ನನ್ನು ಟೇಬಲ್ ತುಂಬಾ ಹುಡುಕುತ್ತಿದ್ದಳು. ಇವನು ಹೇಳುತ್ತಿರಲಿಲ್ಲ. ಹುಡುಕುವಾಗ ಅವಳ ಹುಬ್ಬಿನ ನಡುವೆ ಒಂದು ಸಣ್ಣ ಗೆರೆ ಮೂಡುತ್ತಿತ್ತು. ಆ ಗೆರೆಗಾಗಿ ಅವನು ಎಷ್ಟು ಪೆನ್ನು ಬೇಕಾದರೂ ಕಳೆಯಲು ತಯಾರಿದ್ದ.

ಒಮ್ಮೆ ಅವಳು ಹಾಗೆ ಹುಡುಕುತ್ತಾ ತಟ್ಟನೆ ತಿರುಗಿ ನೋಡಿದಳು. "ಏನ್ ನೋಡ್ತಿದೀಯ?"

"ಕೋಶ."

"ಕೋಶ ಸ್ಕ್ರೀನಲ್ಲಿದೆ. ನಾನು ಇಲ್ಲಿದೀನಿ."

"ದಿಕ್ಕು ತಪ್ಪಿತು."

"ಅದೊಂದೇನಾ ತಪ್ಪಿರೋದು ನಿನಗೆ," ಎಂದು ಅವಳು ಮತ್ತೆ ಸ್ಕ್ರೀನಿನ ಕಡೆ ತಿರುಗಿದಳು. ಆದರೆ ಬೆಳಕು ಬೀಳುವ ಆ ಅರ್ಧ ಮುಖದಲ್ಲಿ ತುಟಿಯ ಕೊನೆ ಸ್ವಲ್ಪ ಮೇಲೆ ಹೋಗಿತ್ತು. ಅಷ್ಟರಲ್ಲೇ ಅವನು ಒಂದು ವಾರ ಬದುಕಿದ.

ಆಮೇಲೆ ಮೇಷ್ಟ್ರು ಬಾಂಬ್ ಹಾಕಿದರು. ಮೇಷ್ಟ್ರು ಎಂದರೆ ಲ್ಯಾಬಿನ ಯಜಮಾನರು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಎಲ್ಲರನ್ನೂ ನೋಡುವ ಒಳ್ಳೆಯ ಮನುಷ್ಯ. ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ನೀನು ಇಂಟರ್‌ವ್ಯೂ ಕೊಟ್ಟಿದ್ಯಲ್ಲ, ಆ ಇನ್ನೊಂದು ಊರಿನ ಲ್ಯಾಬ್‌ನವರು ಫೋನ್ ಮಾಡಿದ್ರಮ್ಮ. ಶುಕ್ರವಾರದೊಳಗೆ ಹನಿಯ ವಿಡಿಯೋ ಕೈ ಸೇರಿದ್ರೆ ಆ ಕೆಲಸ ನಿಂದೇ. ಇಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾರಂತೆ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ, ಇನ್ನೊಂದು ವರ್ಷ ಇಲ್ಲೇ ಇರು."

ಹೊರಗೆ ಬಂದ ಮೇಲೆ ಅವಳು ಗೋಡೆಗೆ ಒರಗಿ ನಿಂತಳು. "ಅಲ್ಲಿ ನನ್ನದೇ ಮೈಕ್ರೋಸ್ಕೋಪ್ ಕಣೋ. ಯಾರ ಹತ್ರಾನೂ ಟೈಮ್ ಬೇಡೋ ಹಾಗಿಲ್ಲ. ಇಲ್ಲಿ ಎಲ್ರದ್ದೂ ಮುಗಿದ ಮೇಲೆ ನಂದು. ನನ್ನ ಕೋಶಗಳಿಗೂ ಗೊತ್ತು, ಅಮ್ಮನ ಮಾತು ಇಲ್ಲಿ ಯಾರೂ ಕೇಳಲ್ಲ ಅಂತ."

ಲೆಕ್ಕಪ್ಪ ತಲೆಯಾಡಿಸಿದ. ಹನಿ ಆದರೆ ಅವಳು ಹೋಗುತ್ತಾಳೆ. ಆಗದಿದ್ದರೆ ಇಲ್ಲೇ ಇರುತ್ತಾಳೆ. ಇಷ್ಟು ಸುಲಭದ ಲೆಕ್ಕವನ್ನು ಅವನು ಜೀವನದಲ್ಲಿ ಮಾಡಿರಲಿಲ್ಲ, ಇಷ್ಟು ಕೆಟ್ಟ ಉತ್ತರವನ್ನೂ ನೋಡಿರಲಿಲ್ಲ.

ಅವನು ಇದ್ದದ್ದು ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ. ಅಕ್ಕ ಡ್ರೈವಿಂಗ್ ಕಲಿಸುವವಳು. ಊರಿಗೆಲ್ಲ ಬ್ರೇಕ್ ಹಾಕಲು ಹೇಳಿಕೊಟ್ಟು, ಮನೆಯಲ್ಲಿ ತಮ್ಮನ ಮೇಲೆ ಮಾತ್ರ ಬ್ರೇಕಿಲ್ಲದೆ ಹಾಯುತ್ತಾಳೆ. ಗುರುವಾರ ಬೆಳಿಗ್ಗೆ ತಟ್ಟೆಯಲ್ಲಿದ್ದದ್ದನ್ನು ಅವನು ಬರೀ ಕೆದಕುತ್ತಿದ್ದ.

"ತಿಂತೀಯೋ, ಇಲ್ಲ ಅದಕ್ಕೂ ಸಮೀಕರಣ ಬರೀತೀಯೋ?"

"ಹಸಿವಿಲ್ಲ ಅಕ್ಕ."

"ಆ ಹುಡುಗಿಗೆ ಹೇಳಿದ್ಯಾ?"

"ಯಾವ ಹುಡುಗಿ?"

"ನೀನು ನನ್ನ ಮುಂದೆ ಆಕ್ಟಿಂಗ್ ಮಾಡ್ಬೇಡ. ಡೈಲಾಗೆಲ್ಲ ಕಾಫಿ ಮೆಷಿನ್ ಮುಂದೆ, ಅವಳ ಮುಂದೆ ಮಾತ್ರ ಗಾಡಿ ಆಫ್. ಇಂಡಿಕೇಟರ್ ಹಾಕ್ಕೊಂಡು ಎಷ್ಟು ದಿನ ಅಂತ ನಿಂತಿರ್ತೀಯೋ? ಒಂದೋ ತಿರುಗು, ಇಲ್ಲ ದಾರಿ ಬಿಡು."

"ಸುಮ್ನೆ ಹೋಗಿ ಹೇಳ್ಬಿಟ್ರೆ ಏನ್ ಮಜಾ ಅಕ್ಕ? ಹೇಳಿದ್ರೆ ಥಿಯೇಟರ್ ಎದ್ದು ನಿಂತ್ಕೋಬೇಕು."

"ನಿನ್ನ ಥಿಯೇಟರಲ್ಲಿ ಇರೋಳು ಅವಳೊಬ್ಳೇ. ಅವಳೂ ಎದ್ದು ಹೋಗ್ತಿದಾಳೆ," ಎಂದು ಅಕ್ಕ ಕೀ ತೆಗೆದುಕೊಂಡು ಹೊರಟಳು.

ಅಲ್ಲಿಂದ ಲ್ಯಾಬಿಗೆ ಬರುವಷ್ಟರಲ್ಲಿ ನಮ್ಮ ಹೀರೋ ತೀರ್ಮಾನ ಮಾಡಿಬಿಟ್ಟಿದ್ದ. ಕೋಶಗಳ ಮೇಲೆ ಬೆಳಕು ಬಿಡುವ ಪೆಟ್ಟಿಗೆ ಇವನ ಕೈಯಲ್ಲಿದೆ. ಇವನು ಕೆಳಗಿನ ಕೋಣೆಯಿಂದ ಯಾವ ಚಿತ್ರ ಕಳಿಸಿದರೂ ಅದು ಮೇಲೆ ಅವಳ ತಟ್ಟೆಯ ಮೇಲೆ ನೀಲಿಯಾಗಿ ಹೊಳೆಯುತ್ತದೆ. ಕೂತು ಒಂದು ಹೃದಯ ಬರೆದ. ಮೇಲೆ ಎರಡು ದುಂಡು, ಕೆಳಗೆ ಚೂಪು. ಕೋಶಗಳಿಗೆ ತೊಂದರೆಯಾಗದಷ್ಟು ಮಂದ ಬೆಳಕು. ಅದಕ್ಕೂ ಲೆಕ್ಕ ಹಾಕಿದ, ಅಭ್ಯಾಸ ಬಲ. ಕಳಿಸು ಎನ್ನುವ ಬಟನ್ ಒತ್ತಿ, ಕೂದಲು ಸರಿಮಾಡಿಕೊಂಡು, ಮೆಟ್ಟಿಲ ಬುಡದಲ್ಲಿ ಒಂದು ಕೈ ಗೋಡೆಗೆ ಕೊಟ್ಟು ಸ್ಟೈಲಾಗಿ ನಿಂತ.

ಮೇಲೆ ಬಾಗಿಲು ಬಡಿದ ಸದ್ದು. ಇಳಿದು ಬಂದ ಕೋಶಮ್ಮನ ಮುಖ ಕೆಂಪಗಿತ್ತು. ನಾಚಿಕೆ ಎಂದುಕೊಂಡ ಪಾಪ.

"ಏನ್ರೀ ಅದು ಅಸಹ್ಯ?"

ರೀ. ಅವನ ಕೈ ಗೋಡೆಯಿಂದ ಜಾರಿತು. "ಅಸಹ್ಯಾನಾ?"

"ನಾಳೆ ಒಂದು ದಿನ ಉಳಿದಿದೆ. ನಾನಿಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದೀನಿ. ನೀವು ನನ್ನ ಕೋಶಗಳ ಮೇಲೆ ಆ... ಆ ಕೂತ್ಕೊಳ್ಳೋ ಜಾಗದ ಚಿತ್ರ ಬಿಟ್ಟು ತಮಾಷೆ ನೋಡ್ತೀರಾ?"

"ಕೂತ್ಕೊಳ್ಳೋ ಜಾಗ?"

"ಕೆಳಗೆ ಎರಡು ಗುಂಡು, ಮೇಲಕ್ಕೆ ಚೂಪು. ನನಗೇನು ಕಣ್ಣಿಲ್ವಾ?"

ಅದು ಹೃದಯ ಕಣೇ ಎಂದು ಹೇಳಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ಕೆಳಗೆ ಎರಡು ಗುಂಡು. ಅವನು ಬರೆದದ್ದು ಮೇಲೆ ಎರಡು ಗುಂಡು.

ಗಣಿತದವರು ಸೊನ್ನೆಯನ್ನು ಕೆಳಗಿಟ್ಟು ಮೇಲಕ್ಕೆ ಎಣಿಸುತ್ತಾರೆ, ಶಾಲೆಯ ಗ್ರಾಫ್ ಹಾಳೆಯ ಹಾಗೆ. ಬೆಳಕಿನ ಪೆಟ್ಟಿಗೆಯಾದರೋ ಚಿತ್ರವನ್ನು ಪುಸ್ತಕದ ಪುಟದಂತೆ ಮೇಲಿನ ಸಾಲಿನಿಂದ ಕೆಳಕ್ಕೆ ಓದುತ್ತದೆ. ಇಷ್ಟು ದಿನ ಇವನು ಕೋಶದ ತಲೆಗೆ ಎಂದು ಕಳಿಸಿದ ಬೆಳಕೆಲ್ಲ ಅದರ ಕಾಲಿಗೆ ಬೀಳುತ್ತಿತ್ತು. ಚೌಕಕ್ಕೂ ಕಡ್ಡಿಗೂ ಮೇಲೆ ಕೆಳಗೆ ಎಂಬ ಭೇದವಿಲ್ಲ, ಅದಕ್ಕೇ ಗೊತ್ತಾಗಿರಲಿಲ್ಲ. ಹನಿಗೆ ಇದೆ. ಮೇಲೆ ಚೂಪಾಗಲಿಲ್ಲ ಎಂದು ಪ್ರೋಗ್ರಾಂ ಇನ್ನಷ್ಟು ಬೆಳಕು ಬಿಟ್ಟಾಗ ಕೋಶ ಕೆಳಗೆ ಎಳೆದುಕೊಳ್ಳುತ್ತಿತ್ತು. ಅದನ್ನು ಕಂಡು ಪ್ರೋಗ್ರಾಂ ಗಾಬರಿಯಾಗಿ ಮತ್ತೆ ಬಿಡುತ್ತಿತ್ತು. ಬಡಪಾಯಿ ಕೋಶ ಹರಿದು ಹೋಗದೆ ಇನ್ನೇನಾದೀತು? ಅವಳು ಕೇಳಿರಲಿಲ್ಲ, ಇವನು ಹೇಳಿರಲಿಲ್ಲ. ಯಾವುದು ಮೇಲೆ ಎನ್ನುವುದನ್ನು ಯಾರಾದರೂ ಕೇಳುತ್ತಾರಾ?

ಸರಿಮಾಡಲು ಬೇಕಾದದ್ದು ಒಂದು ಮೈನಸ್ ಗುರುತು. ಒಂದು ಸಣ್ಣ ಅಡ್ಡಗೆರೆ.

ಇನ್ನು ನೋಡಿ ನಮ್ಮ ಹೀರೋನ ಖದರು. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ನನ್ನ ಪ್ರೀತಿ ದೊಡ್ಡದಿರಬಹುದು ಕೋಶಮ್ಮ, ನಿನ್ನ ಕನಸು ಅದಕ್ಕಿಂತ ದೊಡ್ಡದು" ಎಂದು ಡೈಲಾಗ್ ಬಿಟ್ಟು, ಮೆಟ್ಟಿಲನ್ನು ಎರಡೆರಡಾಗಿ ಹಾರಿ, ಮೈನಸ್ ಹಾಕಿದ. ಕೋಶ ಹನಿಯಾಯಿತು. ಕೋಶಮ್ಮನ ಕಣ್ಣಲ್ಲೂ ಹನಿ. "ನೀನಿಲ್ಲದ ಮೈಕ್ರೋಸ್ಕೋಪ್ ನನಗೆ ಬೇಡ" ಎಂದು ಓಡಿ ಬಂದು ಅಪ್ಪಿಕೊಂಡಳು. ಎಲ್ಲಿಂದಲೋ ಪಿಟೀಲು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಶುಭಂ.

ಹೀಗೇ ಮುಗಿಸಿಬಿಡಬೇಕು ಎಂದು ನನಗೂ ಬಹಳ ಆಸೆಯಿತ್ತು. ಆದರೆ ಹೀಗಾಗಲಿಲ್ಲ. ಆದದ್ದನ್ನು ಹೇಳಿಬಿಡುತ್ತೇನೆ.

ಮೆಟ್ಟಿಲ ಬುಡದಲ್ಲಿ ಎಲ್ಲ ಅರ್ಥವಾದ ಮೇಲೆ ಲೆಕ್ಕಪ್ಪ ಬಾಯಿ ಮುಚ್ಚಿದ.

"ಏನಾದ್ರೂ ಹೇಳೋದಿದ್ಯಾ?" ಎಂದು ಅವಳು ಕೇಳಿದಳು.

"ಸಾರಿ. ತಮಾಷೆಗೆ ಮಾಡಿದ್ದು."

"ಪ್ರೋಗ್ರಾಂ ಬಗ್ಗೆ?"

"ಅದರಲ್ಲೇನಿಲ್ಲ. ಇನ್ನೊಂದ್ಸಲ ಹಾಕಿ ನೋಡು."

ಅವಳು ಹೋಗಿ ಹಾಕಿದಳು. ಇವನೂ ಹಿಂದೆಯೇ ಹೋಗಿ ಕತ್ತಲೆಯಲ್ಲಿ ಸ್ಟೂಲಿನ ಮೇಲೆ ಕೂತ. ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಾಗೇ ಆಯಿತು. ಕೋಶ ಒಂದು ಕಡೆ ಚಾಚಿತು, ಹಿಂದೆ ಸರಿಯಿತು, ದಿಕ್ಕುಗೆಟ್ಟು ಅಡ್ಡಕ್ಕೆ ಎಳೆದುಕೊಂಡಿತು. ಅಂಚು ನಡುಗಿತು. ಹರಿಯಿತು. ಮುದುಡಿಕೊಂಡಿತು.

ಅವಳು ಬೈಯಲಿಲ್ಲ. ಬೈದಿದ್ದರೆ ಬಚಾವಾಗುತ್ತಿದ್ದ. ಸ್ಕ್ರೀನಿನ ಮೇಲೆ ಬೆರಳಿಟ್ಟು ಮೆಲ್ಲಗೆ, "ಹೋಗ್ಲಿ ಬಿಡು ಚಿನ್ನ, ನಿನ್ನ ತಪ್ಪಲ್ಲ," ಎಂದಳು. ಆಮೇಲೆ ಇವನ ಕಡೆ ತಿರುಗದೆ, "ನಿಂದೂ ಅಲ್ಲ ಕಣೋ. ಇಷ್ಟು ದಿನ ನಿನ್ನ ಮೇಲೆ ಹಾರಾಡಿದೆ. ನನ್ನ ಕೈಯಲ್ಲೇ ಏನೋ ಇದೆ. ನನಗೆ ಇದು ಬರಲ್ಲ ಅನ್ಸುತ್ತೆ. ಅವರು ಬೇರೆ ಯಾರನ್ನಾದ್ರೂ ತಗೊಳ್ಳೋದೇ ಸರಿ."

ಲೆಕ್ಕಪ್ಪನಿಗೆ ಅವಳು ಇಲ್ಲೇ ಉಳಿಯುವುದು ಬೇಕಿತ್ತು. ಹೀಗೆ ಕೈಚೆಲ್ಲಿ ಉಳಿಯುವುದು ಬೇಕಿರಲಿಲ್ಲ.

"ನಿನ್ನ ಕೈ ಸರಿಯಾಗೇ ಇದೆ," ಎಂದ. "ಬೆಳಕು ತಲೆಕೆಳಗಾಗಿ ಬೀಳ್ತಿದೆ."

ಅವಳು ತಿರುಗಿದಳು. ಅವನು ಹೇಳಿದ, ಗ್ರಾಫ್ ಹಾಳೆ, ಪುಸ್ತಕದ ಪುಟ, ಮೈನಸ್, ಎಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ಯಾವಾಗ ಗೊತ್ತಾಯ್ತು?"

ಈಗಷ್ಟೇ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲಿತ್ತು. "ನೀನು ಕೆಳಗೆ ಬಂದು ಬೈದಾಗ."

"ಅಂದ್ರೆ ಇದು ಸಾಯುತ್ತೆ ಅಂತ ಗೊತ್ತಿದ್ದೇ ಹಾಕಿಸ್ದೆ."

"ಹೂಂ."

"ಯಾಕೆ?"

ಜೀವಮಾನವಿಡೀ ಕೂಡಿಟ್ಟ ಡೈಲಾಗ್‌ಗಳೆಲ್ಲ ಆ ಕ್ಷಣಕ್ಕೆ ರಜೆ ಹಾಕಿ ಹೋಗಿದ್ದವು. "ನೀನು ಹೋಗೋದು ಬೇಡ ಅಂತ," ಎಂದ.

ಅವಳು ಸತ್ತ ಕೋಶದ ತಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟಳು.

"ಮೈನಸ್ ಹಾಕು," ಎಂದಳು.

ಹಾಕಿದ. ಅವಳು ಹೊಸ ತಟ್ಟೆ ತಂದಿಟ್ಟಳು. ಇಬ್ಬರೂ ನೋಡುತ್ತಾ ಕೂತರು. ಉಂಡೆಯಂತಿದ್ದ ಕೋಶ ಮೊದಲು ಸುಮ್ಮನಿತ್ತು. ಆಮೇಲೆ ಒಂದು ಬದಿ ಒಳಕ್ಕೆ ಸರಿಯಿತು, ಇನ್ನೊಂದು ಬದಿಯೂ. ಮೇಲ್ಗಡೆ ಮೊಗ್ಗಿನ ಮೂತಿಯಂತೆ ಏನೋ ಎದ್ದಿತು, ಚೂಪಾಯಿತು. ಯಾರೂ ಎಳೆಯಲಿಲ್ಲ, ಜಗ್ಗಲಿಲ್ಲ. ಎಷ್ಟು ಬೇಕೋ ಅಷ್ಟೇ ಬೆಳಕು. ಹನಿ ನಿಂತಿತು.

ಅವಳು ಅಪ್ಪಿಕೊಳ್ಳಲಿಲ್ಲ. ವಿಡಿಯೋ ಉಳಿಸಿದಳು, ಆ ಊರಿಗೆ ಕಳಿಸಿದಳು, ಬೆನ್ನು ಕುರ್ಚಿಗೆ ಕೊಟ್ಟು ಕಣ್ಣು ಮುಚ್ಚಿದಳು. ಆಮೇಲೆ ಬೆಳಿಗ್ಗೆಯ ಆ ಚಿತ್ರವನ್ನು ಸ್ಕ್ರೀನಿಗೆ ತಂದು, ಕುತ್ತಿಗೆಯನ್ನು ಒಂದು ಕಡೆ ಬಗ್ಗಿಸಿ, ಇನ್ನೂ ಬಗ್ಗಿಸಿ, ಟೇಬಲ್ಲಿಗೆ ತಲೆ ತಾಗುವವರೆಗೆ ಬಗ್ಗಿಸಿ ನೋಡಿದಳು.

"ಥೂ," ಎಂದಳು. ಕಿವಿಯವರೆಗೆ ಕೆಂಪಾಗಿದ್ದಳು. ಈ ಸಲದ್ದು ಬೇರೆ ಕೆಂಪು. ಆದರೆ ನೇರ ಕೂತಾಗ ಮುಖ ಮತ್ತೆ ಬಿಗಿದಿತ್ತು.

"ನಾನು ಹೋಗ್ತೀನಿ."

"ಗೊತ್ತು."

"ಇವತ್ತು ನೀನು ಮಾಡಿದ್ದನ್ನ ನಾನು ಮರೆಯಲ್ಲ."

"ಗೊತ್ತು."

"ಎಲ್ಲಾ ಗೊತ್ತು ನಿನಗೆ. ಇದು ಗೊತ್ತಾ? ಅವರು ಇಂಟರ್‌ವ್ಯೂನಲ್ಲಿ ಕೇಳಿದ್ರು, ಲೆಕ್ಕ ಮಾಡೋಕೆ ಒಬ್ರನ್ನ ಜೊತೆಗೆ ಕರ್ಕೊಂಡು ಬರಬಹುದು, ಯಾರು ಬೇಕು ಅಂತ. ನಾನು ನಿನ್ನನ್ನ ಹೇಳಿದ್ದೆ."

ಲೆಕ್ಕಪ್ಪ ಎದ್ದು ನಿಂತ. "ನನಗ್ಯಾಕೆ ಹೇಳ್ಲಿಲ್ಲ?"

"ಹನಿ ಆದ ಮೇಲೆ ಹೇಳೋಣ ಅಂತಿದ್ದೆ."

"ಈಗ ಆಯ್ತಲ್ಲ."

"ಈಗ ಬೇರೆಯವರನ್ನ ಹುಡುಕ್ತೀನಿ." ಅವಳ ಧ್ವನಿ ಒರಟಾಗಿರಲಿಲ್ಲ, ಸೋತಿತ್ತು. "ನನ್ನ ಕೋಶಗಳ ಮೇಲೆ ಬೆಳಕು ಬಿಡೋರನ್ನ ನಾನು ಕಣ್ಮುಚ್ಚಿ ನಂಬಬೇಕಪ್ಪ. ನಿನ್ನನ್ನ ನಂಬೋಕೆ ಈಗ ಆಗಲ್ಲ. ಕೆಲಸಕ್ಕೆ ನೀನು ಬೇಡ."

ಅವನು ಹೂಂ ಎಂದು ಬಾಗಿಲ ಹತ್ತಿರ ಹೋದ. ಹಿಡಿಕೆ ಹಿಡಿದ.

"ಕೆಲಸಕ್ಕೆ ಅಂದೆ," ಎಂದಳು ಹಿಂದಿನಿಂದ. "ಭಾನುವಾರ ಕೆಲಸ ಇರಲ್ಲ. ಬಸ್ ಇರುತ್ತೆ."

"ಬಂದ್ರೆ ಏನ್ ಮಾಡೋದು?"

"ಮೊದಲು ಬೈಸ್ಕೊಳ್ಳೋದು. ಆಮೇಲಿಂದು ಆಮೇಲೆ."

ನಿಜವಾಗಿ ಆದದ್ದು ಇದು. ಅವಳು ಆ ಊರಿಗೆ ಹೋದಳು. ಅಲ್ಲಿ ಅವಳ ಲೆಕ್ಕ ಮಾಡುತ್ತಿರುವವನು ಬೇರೆ ಯಾರೋ, ಒಳ್ಳೆಯವನಂತೆ, ಅದನ್ನು ಕೇಳಿದಾಗಲೆಲ್ಲ ಲೆಕ್ಕಪ್ಪನಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತದೆ. ಅನುಭವಿಸಲಿ. ಅವನು ಭಾನುವಾರ ತಪ್ಪದೆ ಬಸ್ ಹತ್ತುತ್ತಾನೆ. ಬೈಗುಳ ಇನ್ನೂ ಮುಗಿದಿಲ್ಲ. ಆದರೆ ಹೋದ ಸಲ ಅವಳು ಬೈಯುತ್ತಾ ಬೈಯುತ್ತಾ, ವಾಹನಗಳು ನುಗ್ಗುವ ರಸ್ತೆಯಲ್ಲಿ ಅವನ ತೋಳು ಹಿಡಿದು ದಾಟಿಸಿದಳು. ದಾಟಿ ಆಚೆ ಕಡೆ ಬಂದ ಮೇಲೂ ಬಿಡಲಿಲ್ಲ. ಮರೆತಳೋ, ಮರೆತ ಹಾಗೆ ಮಾಡಿದಳೋ, ಅವನು ಕೇಳಲಿಲ್ಲ. ಬಾಯಿ ಮುಚ್ಚಿಕೊಂಡು ಪಕ್ಕದಲ್ಲೇ ನಡೆದ.